ಮಗ್ಗದ ಮಾತು ಅಧ್ಯಕ್ಷರ ಮನೆಯಲ್ಲಿ

ಬಟ್ಟೆ ಮಿಲ್ಲಿನಲ್ಲಿ ದುಡಿದವರಿಗೆ ಬಾಯಿ ಇರುತ್ತದೆ, ದನಿ ಇರುವುದಿಲ್ಲ. ಒಂದೇ ಚಾವಣಿಯ ಕೆಳಗೆ ಅಷ್ಟೂ ಮಗ್ಗ ಒಟ್ಟಿಗೆ ಹೊಡೆದುಕೊಳ್ಳುವಾಗ ಪಕ್ಕದವನ ಕಿವಿಯಲ್ಲಿ ಕಿರುಚಿದರೂ ಕೇಳುವುದಿಲ್ಲ. ಹಾಗಾಗಿ ಅಲ್ಲಿ ಯಾರೂ ಕಿರುಚುವುದಿಲ್ಲ. ತುಟಿ ಅಗಲಿಸಿ, ದನಿ ಬಿಡದೆ, ಬರೀ ಬಾಯಾಡಿಸಿ ಮಾತಾಡುತ್ತಾರೆ. ಆ ಕೊನೆಯವರು ಈ ಕೊನೆಯವರ ತುಟಿ ನೋಡಿ ನಗುತ್ತಾರೆ, ಬೈಯುತ್ತಾರೆ, ಸಂಬಂಧ ಕುದುರಿಸುತ್ತಾರೆ.

ಲಾಳಿ ಅಂತ ಎಲ್ಲರೂ ಕರೆಯುತ್ತಿದ್ದ ಮುದುಕನಿಗೆ ಈ ಅಭ್ಯಾಸ ಮೈಗೆ ಹತ್ತಿಬಿಟ್ಟಿತ್ತು. ಮಗ್ಗದಲ್ಲಿ ನೂಲು ಹೊತ್ತು ಅತ್ತಿಂದಿತ್ತ ಓಡುತ್ತದಲ್ಲ, ಆ ಲಾಳಿಯ ಹಾಗೆ ಓಡಾಡುತ್ತಿದ್ದನೆಂದು ಆ ಹೆಸರು. ಕೆಲಸ ಬಿಟ್ಟು ಎಷ್ಟೋ ಕಾಲವಾದರೂ ಎದೆ ಡವಡವ ಅಂದರೆ ಸಾಕು, ಅವನ ದನಿ ಒಳಗೇ ಕೂತು ಬಾಯಿ ಮಾತ್ರ ಆಡುತ್ತಿತ್ತು. ಮಗಳ ಮದುವೆಯ ಮಾತುಕತೆಯಲ್ಲಿ ಬೀಗರು, ಪಾಪ, ಈತನಿಗೆ ಮಾತೇ ಬರುವುದಿಲ್ಲ ಅಂದುಕೊಂಡು ಮರುಕಪಟ್ಟಿದ್ದರು.

ಅಂಥವನಿಗೆ ದೇಶದ ಅಧ್ಯಕ್ಷರ ಮನೆಯಿಂದ ಕರೆ ಬಂತು. ಬೇರೆಯವರ ಜೀವ ಉಳಿಸಿದವರನ್ನೆಲ್ಲ ಕರೆದು ಸತ್ಕಾರ ಮಾಡುತ್ತಾರಂತೆ. ಜೊತೆಗೆ ಒಬ್ಬರು ಬರಬಹುದಂತೆ. ಹೆಂಡತಿ ಅವನ ಕೋಟಿಗೆ ಗುಂಡಿ ಹೊಲಿಯುತ್ತಿದ್ದವಳು ತಲೆ ಎತ್ತದೆ ಹೇಳಿದಳು: "ಅಕ್ಕನ್ನ ಕರ್ಕೊಂಡು ಹೋಗಿ. ನಾನು ಬಂದ್ರೆ ಬರೀ ತಿಂದು ಬರ್ತೀನಿ. ಆ ಜಾಗ ಅವರದು."

ಆಕೆ ಅಕ್ಕ ಅಂದದ್ದು ಲಾಳಿಯ ಅತ್ತಿಗೆಯನ್ನು, ತೀರಿಹೋದ ಅಣ್ಣನ ಹೆಂಡತಿಯನ್ನು. ಅಣ್ಣ ಹೋದಾಗ ಲಾಳಿಗೆ ಇನ್ನೂ ಮೀಸೆ ಮೂಡಿರಲಿಲ್ಲ. ತವರಿಗೆ ಹೋಗು ಅಂದವರಿಗೆಲ್ಲ ಅತ್ತಿಗೆ, ಇವನನ್ನ ಯಾರ ಕೈಗೆ ಕೊಟ್ಟು ಹೋಗಲಿ ಅಂತ ಕೇಳಿ, ಗಂಡನ ಮಗ್ಗಕ್ಕೆ ತಾನೇ ನಿಂತಳು. ಮೈದುನನನ್ನೂ ಜೊತೆಗೆ ಕರೆದೊಯ್ದು ಕೆಲಸ ಕಲಿಸಿದಳು.

ಆಮೇಲೆ ಎಷ್ಟೋ ವರ್ಷಕ್ಕೆ ಮಿಲ್ಲಿನ ಹಿಂದಿನ ನೂಲಿನ ಉಗ್ರಾಣಕ್ಕೆ ಬೆಂಕಿ ಬಿತ್ತು. ಕಾವಲುಗಾರ ಗಂಟೆ ಬಾರಿಸುತ್ತಲೇ ಇದ್ದ. ಮಗ್ಗದ ಸದ್ದಿನಲ್ಲಿ ಅದು ಯಾರಿಗೆ ಕೇಳಬೇಕು? ಕೊನೆಯ ಸಾಲಿನಲ್ಲಿದ್ದ ಅತ್ತಿಗೆ ಹೊಗೆ ಕಂಡವಳೇ ಬೆಂಚು ಹತ್ತಿ, ದೂರದ ಬಾಗಿಲ ಬಳಿ ಇದ್ದ ಮೈದುನನ ಕಡೆ ತಿರುಗಿ, ಬಾಯಗಲಿಸಿ ಒಂದೇ ಮಾತು ಹೇಳಿದಳು: ಬೆಂಕಿ. ಲಾಳಿ ಹಾರಿಹೋಗಿ ದೊಡ್ಡ ಸ್ವಿಚ್ಚು ಎಳೆದ. ಮಗ್ಗಗಳು ನಿಂತವು, ಗಂಟೆ ಕೇಳಿಸಿತು, ಜನ ಓಡಿದರು. ಅತ್ತಿಗೆ ತನ್ನ ಸಾಲಿನ ಹೆಂಗಸರನ್ನೆಲ್ಲ ಮುಂದೆ ನೂಕಿ, ಒಂದು ಕೈ ಸುಟ್ಟುಕೊಂಡು ಎಲ್ಲರಿಗಿಂತ ಕೊನೆಗೆ ಹೊರಬಂದಳು. ಪತ್ರಿಕೆಯವರಿಗೆ ಲಾಳಿ ಇದನ್ನೆಲ್ಲ ಬಿಡಿಸಿ ಹೇಳಿದ. ಅವರು ಸ್ವಿಚ್ಚು ಎಳೆದವನ ಫೋಟೊ ತೆಗೆದುಕೊಂಡು ಹೋದರು.

ಈ ಸಲ ದೇಶಕ್ಕೇ ದೊಡ್ಡವರ ಎದುರು ಆ ಮಾತು ಹೇಳಿಯೇ ಬರಬೇಕೆಂದು ಲಾಳಿ ಮನಸ್ಸಿನಲ್ಲಿ ಗಂಟು ಹಾಕಿಕೊಂಡ. ಬಸ್ಸಿನಲ್ಲಿ ಅತ್ತಿಗೆಗೆ ತಿಳಿಸಿದ್ದಕ್ಕೆ ಆಕೆ, ಕರೆದಿದಾರೆ, ತೆಪ್ಪಗೆ ಕೊಟ್ಟಿದ್ದು ತಿಂದು ಬರೋಣ, ಹಳೇ ಬೂದಿ ಕೆದಕಬೇಡ ಅಂದಳು.

ಅಧ್ಯಕ್ಷರ ಮನೆಯ ಹಜಾರ ಮಿಲ್ಲಿನಷ್ಟೇ ಉದ್ದವಿತ್ತು. ಆದರೆ ಕೆಮ್ಮುವುದಕ್ಕೂ ಅಪ್ಪಣೆ ಕೇಳಬೇಕೇನೋ ಅನ್ನುವಷ್ಟು ನಿಶ್ಶಬ್ದ. ಕಪ್ಪು ಕೋಟಿನ ಅಧಿಕಾರಿಯೊಬ್ಬ ಬಂದವರನ್ನು ಕೆಂಪು ಜಮಖಾನದ ಅಂಚಿಗೆ ಸಾಲಾಗಿ ನಿಲ್ಲಿಸಿ ನೇಮ ಹೇಳಿಕೊಟ್ಟ. ಅಧ್ಯಕ್ಷರು ಕೈ ನೀಡಿದರೆ ಕೈ ಕೊಡಬೇಕು, ಕೇಳಿದ್ದಕ್ಕೆ ಚುಟುಕಾಗಿ ಉತ್ತರಿಸಬೇಕು, ಮುಂದೆ ಹೆಜ್ಜೆ ಇಡಬಾರದು. ಜೊತೆಗೆ ಬಂದವರನ್ನು ಎದುರು ಗೋಡೆಯ ಕಿಟಕಿಗಳ ಕೆಳಗೆ ಕಳಿಸಿದ.

ಉಳಿದವರೆಲ್ಲ ಗೊಂಬೆಗಳ ಹಾಗೆ ನಿಂತಿದ್ದರೆ ಇವರಿಬ್ಬರು ಮಾತ್ರ ಹಜಾರದ ಈ ಬದಿಯಿಂದ ಆ ಬದಿಗೆ ಹರಟುತ್ತಿದ್ದರು. ಅಷ್ಟು ದೊಡ್ಡ ದೀಪದ ಗೊಂಚಲಿನ ಧೂಳು ಒರೆಸುವವಳ ಸೊಂಟದ ಗತಿಯೇನು ಅಂತ ಅತ್ತಿಗೆ ಮರುಗಿದಳು. ಅಧಿಕಾರಿಯ ಮೀಸೆ ಒಂದು ಕಡೆ ಗಿಡ್ಡ ಅಂದ ಲಾಳಿ. ನಗಿಸಬೇಡ, ಹಲ್ಲಿನ ಸೆಟ್ಟು ಬಿದ್ದೋಗುತ್ತೆ ಅಂದಳು ಅತ್ತಿಗೆ. ಒಂದು ಸೊಲ್ಲೂ ಯಾರ ಕಿವಿಗೂ ಬೀಳಲಿಲ್ಲ.

ಅಧ್ಯಕ್ಷರು ಬಂದರು. ಬಿಳಿಗೂದಲಿನ ಸಣಕಲು ಮನುಷ್ಯ. ಒಬ್ಬೊಬ್ಬರ ಮುಂದೂ ನಿಂತು, ಅವಸರವಿಲ್ಲದೆ ಮಾತಾಡಿಸುತ್ತ ಲಾಳಿಯ ಬಳಿಗೆ ಬಂದರು. ಅವನ ಕೈ ಹಿಡಿದು, ಅಷ್ಟು ಜನರನ್ನು ಕಾಪಾಡಿದಿರಿ, ನಾವೆಲ್ಲ ನಿಮಗೆ ಋಣಿಗಳು ಅಂದರು. ಲಾಳಿಯ ಎದೆ ಮಗ್ಗದ ಹಾಗೆ ಹೊಡೆದುಕೊಂಡಿತು. ಬಾಯಿ ತೆರೆದ. ಹೇಳಬೇಕೆಂದುಕೊಂಡಿದ್ದನ್ನೆಲ್ಲ ಒಂದಕ್ಷರ ಬಿಡದೆ, ತುಟಿ ಅಗಲಿಸಿ ಹೇಳಿಯೇಬಿಟ್ಟ. ದನಿ ಮಾತ್ರ ಹೊರಡಲಿಲ್ಲ.

ಅಧ್ಯಕ್ಷರು ಕಿವಿ ಹತ್ತಿರ ತಂದರು. ಲಾಳಿ ಮತ್ತೆ ಬಾಯಾಡಿಸಿದ. ಅಧಿಕಾರಿಗೆ ಬೆವರು ಕಿತ್ತುಕೊಂಡಿತು. ಈತನ ಕಣ್ಣು ತಮ್ಮ ಭುಜ ದಾಟಿ ಎದುರು ಗೋಡೆಯ ಕಡೆಗೆ ಹೋಗುತ್ತಿರುವುದನ್ನು ಕಂಡು ಅಧ್ಯಕ್ಷರು ತಿರುಗಿದರೆ, ಅಲ್ಲೊಬ್ಬ ಮುದುಕಿ ಕರವಸ್ತ್ರದಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅವರನ್ನು ಕರೆಯಿರಿ ಅಂದರು. ಅತ್ತಿಗೆ ಜಮಖಾನ ದಾಟಿ ಬಂದಳು.

"ಇವರು ಏನಂದ್ರು ಅಂತ ನಿಮಗೆ ಗೊತ್ತಾಯ್ತಾ ತಾಯಿ?"

ಗೊತ್ತಾಗದೆ ಏನು, ಅಷ್ಟು ದೂರದಿಂದಲೂ ಅಕ್ಷರ ಅಕ್ಷರ ಗೊತ್ತಾಗಿತ್ತು. ಆದರೆ ತನ್ನ ಹೊಗಳಿಕೆಯನ್ನು ತಾನೇ ಹೇಗೆ ಒದರುವುದು?

"ಕಾಲು ನೋಯ್ತಿದೆಯಂತೆ ಸ್ವಾಮಿ," ಅಂದಳು. "ಒಂದು ಕುರ್ಚಿ ಸಿಗುತ್ತಾ ಅಂತ ಕೇಳ್ತಿದಾನೆ."

ಅಧಿಕಾರಿಗೆ ಹೋದ ಜೀವ ಬಂದಂತಾಯಿತು. ತಾನೇ ಓಡಿಹೋಗಿ ಚಿನ್ನದ ಬಣ್ಣದ ಕುರ್ಚಿಯೊಂದನ್ನು ತಂದು ಲಾಳಿಯ ಹಿಂದೆ ಇಟ್ಟು, ಕೂತುಕೊಳ್ಳಿ ಅಂತ ಭುಜ ಅದುಮಿದ. ಲಾಳಿ ಕುರ್ಚಿ ನೋಡಿದ, ಅತ್ತಿಗೆಯ ಮುಖ ನೋಡಿದ. ಆಕೆ ದನಿಯಿಲ್ಲದೆ, ಸುಮ್ನೆ ಕೂತ್ಕೋ ಅಂದಳು. ಅವನಿಗೆ ಸಿಟ್ಟು ಬಂತು. ಜನ್ಮದಲ್ಲಿ ಅತ್ತಿಗೆಯ ಮೇಲೆ ಬಾರದ ಸಿಟ್ಟು. ಆ ಸಿಟ್ಟಿಗೆ, ಒಳಗೆ ಕೂತಿದ್ದ ದನಿ ಎದ್ದು ಬಂತು.

"ಸುಳ್ಳು ಸ್ವಾಮಿ. ನಾನು ಕುರ್ಚಿ ಕೇಳ್ಲಿಲ್ಲ."

ಮಿಲ್ಲಿನವರ ದನಿ ಹೊರಟರೆ ಅದಕ್ಕೆ ಹದ ಎಲ್ಲಿಂದ ಬರಬೇಕು? ಹಜಾರದ ತುದಿಯಲ್ಲಿ ಲೋಟ ಹಿಡಿದಿದ್ದವರೂ ತಿರುಗಿದರು.

"ಬೆಂಕಿ ಕಂಡಿದ್ದು ನಮ್ಮತ್ತಿಗೆಗೆ. ನನಗೆ ಹೇಳಿದ್ದೂ ಇವಳೇ. ಇವಳು ಹೇಳದೆ ಹೋಗಿದ್ರೆ ನನ್ನ ಕೈ ಸ್ವಿಚ್ಚಿಗೆ ಯಾಕೆ ಹೋಗ್ತಿತ್ತು? ಈ ಕೈನ ಅನ್ನ ಹಾಕಿ ಬೆಳೆಸಿದ್ದೂ ಇವಳೇ. ಇಷ್ಟು ಹೇಳೋಕೆ ಬಂದೆ ಸ್ವಾಮಿ. ಚಹಾ ಕುಡಿಯೋಕಲ್ಲ."

ಅಧಿಕಾರಿ ಕಣ್ಣು ಮುಚ್ಚಿಕೊಂಡ. ಅಧ್ಯಕ್ಷರು ಕುರ್ಚಿಯನ್ನು ತಾವೇ ಅತ್ತಿಗೆಯ ಕಡೆಗೆ ತಿರುಗಿಸಿದರು. ಆಕೆ ಒಲ್ಲೆ ಅಂದಳು. ಅವರು ಕುರ್ಚಿಯ ಬೆನ್ನು ಹಿಡಿದುಕೊಂಡೇ ಕಾದರು. ಕೊನೆಗೆ ಕೂತಳು. ಆಕೆಯ ಸುಟ್ಟ ಕೈಯನ್ನು ಎರಡು ಕೈಯಲ್ಲಿ ಹಿಡಿದು ಅಧ್ಯಕ್ಷರು, "ನಿಮ್ಮನ್ನ ಕರೆಯೋದು ತಡವಾಯ್ತು ತಾಯಿ. ಉಪಕಾರ ಮರೀಬಾರದಿತ್ತು," ಅಂದರು.

"ನಾನೊಬ್ಬಳೇ ಅಲ್ಲ ಸ್ವಾಮಿ," ಅಂತ ಅತ್ತಿಗೆ ಶುರು ಮಾಡಿದಳು. ಹೊಗೆಯೊಳಗೆ ಗರ್ಭಿಣಿಯ ಕೈ ಬಿಡದ ಪಕ್ಕದ ಮಗ್ಗದವಳು, ಓಡಿಹೋಗದೆ ಗಂಟೆ ಬಾರಿಸುತ್ತಲೇ ಇದ್ದ ಕಾವಲುಗಾರ, ತನ್ನ ಕೈಗೆ ನೀರು ಹುಯ್ಯುತ್ತ ತನಗಿಂತ ಜೋರಾಗಿ ಅತ್ತ ನೂಲು ಸುತ್ತುವಾಕೆ, ಹೀಗೆ ಈಗ ಇರುವವರು, ಇಲ್ಲದವರು, ಎಲ್ಲರನ್ನೂ ತಂದು ಅಧ್ಯಕ್ಷರ ಮುಂದೆ ನಿಲ್ಲಿಸಿದಳು. ಅಧಿಕಾರಿ ಗಡಿಯಾರ ನೋಡಿದ, ಕೆಮ್ಮಿದ. ಅಧ್ಯಕ್ಷರು ಕದಲಲಿಲ್ಲ. ಆಮೇಲೆ, ಆಮೇಲೆ ಅಂತ ಕೇಳುತ್ತ ನಿಂತರು.

ಲಾಳಿಯೂ ಪಕ್ಕದಲ್ಲಿ ನಿಂತು ಕೇಳಿದ. ಹೊಸ ಬೂಟು ಕಚ್ಚಿ ಅವನ ಕಾಲು ಈಗ ನಿಜಕ್ಕೂ ನೋಯತೊಡಗಿತ್ತು. ಇರಲಿ, ಅತ್ತಿಗೆ ಕೂತಿದ್ದಾಳಲ್ಲ ಅಂದುಕೊಂಡು ಮೈಭಾರವನ್ನು ಇನ್ನೊಂದು ಕಾಲಿಗೆ ಹಾಕಿದ.