ಹನ್ನೊಂದು ಪೆಟ್ಟಿಗೆಗಳ ರಸೀದಿ

ಸಾವಿನ ಮನೆಯಲ್ಲಿ ಕಾಗದ ಮುಂದೆ ಹಿಡಿದು ಸಹಿ ಕೇಳುವಷ್ಟು ಮಾನಗೆಟ್ಟವನು ನಾನಲ್ಲ. ಮಲಾವಿ ಸರೋವರದ ದಂಡೆಯ ನಮ್ಮೂರಲ್ಲಿ ಯಾರೂ ಹಾಗೆ ಮಾಡುವುದಿಲ್ಲ. ಪೆಟ್ಟಿಗೆ ಇಳಿಸಿ, ನೆಲದ ಮೇಲೆ ಕೂತು, ಹೆಂಗಸರ ಅಳು ತಗ್ಗುವವರೆಗೆ ತಲೆ ಬಗ್ಗಿಸಿ, ಸುಮ್ಮನೆ ಎದ್ದು ಬರಬೇಕು. ಕಾಲರಾ ಬಂದ ವರ್ಷ ಕೌನ್ಸಿಲ್ ಹೇಳಿತೆಂದು ಬಡವರ ಮನೆಗಳಿಗೆ ಹನ್ನೊಂದು ಶವಪೆಟ್ಟಿಗೆ ಮಾಡಿಕೊಟ್ಟೆ. ಹನ್ನೊಂದು ಮನೆಯಲ್ಲೂ ಹಾಗೇ ಕೂತು ಬಂದೆ. ನನ್ನ ತಪ್ಪೆಂದರೆ ಅದೊಂದೇ.

ಕೌನ್ಸಿಲ್ ಕೊಡಬೇಕಿದ್ದ ದುಡ್ಡಿಗಾಗಿ ಎರಡು ವರ್ಷ ಆ ಹಾಳು ಬಿಲ್ಲಿನ ಹಿಂದೆ ಅಲೆದೆ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತಾರಲ್ಲ, ಆ ಕೋಡಂಗಿ ನಾನೇ. ಹಲಗೆ ಸಾಲ ಕೊಟ್ಟಿದ್ದ ಸಿಲುಂಗ್ವೆ ಕೊನೆಗೆ ಗಡುವು ಹಾಕಿದ: ತಿಂಗಳ ಕೊನೆಗೆ ಹಣ ಬರದಿದ್ದರೆ ನನ್ನ ಗರಗಸದ ಮಷೀನು ಅವನದು. ಅದು ಹೋದರೆ ನಾನೆಂಥ ಬಡಗಿ?

ಕೌನ್ಸಿಲ್‌ನಲ್ಲಿ ಬಾಕಿ ಬಿಲ್ಲುಗಳ ತಕರಾರು ನೋಡುವವನು ಕಯಿರಾ. ಕೆಟ್ಟವನೇನಲ್ಲ, ಟೀ ಕೂಡ ತರಿಸಿದ. ಆರ್ಡರ್ ಇದೆ, ಬಿಲ್ ಇದೆ, ಮಾಲು ತಲುಪಿದ ರಸೀದಿ ಎಲ್ಲಿ ಎಂದ. ಮಾಲು ಮಣ್ಣಿನಡಿ ಇದೆ ಎಂದೆ. ಅವನು ನಗಲಿಲ್ಲ. ಆ ಮನೆಯವರಿಂದ ಸಹಿ ತಂದರೂ ಸಾಕು, ಗುರುವಾರ ಸಮಿತಿ ಕೂರುತ್ತದೆ ಎಂದ.

ಅಂದು ಮಾಡದ ನಾಚಿಕೆಗೇಡಿನ ಕೆಲಸವನ್ನು ಮೂರೇ ದಿನದಲ್ಲಿ ಮಾಡಿದೆ. ಹತ್ತು ಮನೆಯವರು ಸಹಿ ಹಾಕಿದರು. ಕೊನೆಯದು ನ್ಯಾಗೊಂಡ್ವೆ ಅಜ್ಜಿಯ ಮನೆ. ಅವಳಿಗಿದ್ದವನು ಒಬ್ಬನೇ ಮೊಮ್ಮಗ. ನನ್ನ ಪೆಟ್ಟಿಗೆಯಲ್ಲಿ ಮಲಗಿಸಿದ್ದು ಅವನನ್ನೇ.

“ಇದೇನ್ ಕಾಗ್ದ ಮಗಾ? ನಂಗೇನಾದ್ರೂ ತೊಂದ್ರೆ ಆಗ್ತದಾ?”

“ಏನೂ ಆಗಲ್ಲ ಅಜ್ಜಿ. ಪೆಟ್ಟಿಗೆ ಬಂತು ಅಂತ ಒಂದ್ ಹೆಬ್ಬೆಟ್ಟು, ಅಷ್ಟೇ. ನನ್ ಮಾತು ನಂಬು.”

“ನಿನ್ನಲ್ದೆ ಇನ್ಯಾರ್ನ ನಂಬ್ಲಿ” ಎನ್ನುತ್ತ ಒತ್ತಿಯೇಬಿಟ್ಟಳು.

ಗುರುವಾರ ಸಮಿತಿಯವರು ಹನ್ನೊಂದೂ ಕಾಗದ ಒಳಗೆ ತರಿಸಿಕೊಂಡು ನನ್ನನ್ನು ಹೊರಗೆ ಕೂರಿಸಿದರು. ಮಧ್ಯಾಹ್ನದ ಹೊತ್ತಿಗೆ ಕಯಿರಾ ಬಂದ. ನನ್ನ ಮುಖ ನೋಡಲಿಲ್ಲ.

“ತಕರಾರು ಬಗೆಹರೀತು ಮೇಸ್ತ್ರಿ. ಕೌನ್ಸಿಲ್‌ಗೆ ಮಾಲು ಬಂದಿಲ್ಲ, ಮನೆಯವ್ರಿಗೆ ಬಂದಿದೆ ಅಂತ ನೀನೇ ಬರ್ಸಿ ತಂದಿದೀಯ. ತಗೊಂಡೋರೇ ದುಡ್ಡು ಕೊಡ್ಬೇಕಂತೆ. ಅವ್ರಿಗೂ ಪತ್ರ ಹೋಗ್ತದೆ.”

ಆ ಕಾಗದಗಳನ್ನು ವಾಪಸು ಕೊಡಿ, ಇಲ್ಲೇ ಹರಿದು ಹಾಕುತ್ತೇನೆ, ನನಗೆ ದುಡ್ಡೇ ಬೇಡ ಎಂದೆ. ಫೈಲಿಗೆ ಸೇರಿದ್ದು ವಾಪಸು ಬರುವುದಿಲ್ಲವಂತೆ. ಕೂಗಾಡಿದೆ. ಆಮೇಲೆ ಮೊಣಕಾಲೂರಿ ಬೇಡಿಕೊಂಡೆ. ಕಾವಲುಗಾರ ತೋಳು ಹಿಡಿದು, ಮೆಲ್ಲಗೇ, ಗೇಟಿನಾಚೆ ಬಿಟ್ಟ.

ತಿಂಗಳ ಕೊನೆಗೆ ಸಿಲುಂಗ್ವೆಯ ಆಳುಗಳು ಮಷೀನನ್ನು ಲಾರಿಗೆ ಏರಿಸುತ್ತಿದ್ದಾಗ ಅಜ್ಜಿ ಬಂದಳು. ಒಂದು ಕೈಯಲ್ಲಿ ಕೌನ್ಸಿಲ್ ಪತ್ರ, ಇನ್ನೊಂದರಲ್ಲಿ ಕಾಲು ಕಟ್ಟಿದ ಕೋಳಿ. ಮೇಷ್ಟ್ರ ಹತ್ತಿರ ಪತ್ರ ಓದಿಸಿಕೊಂಡು ಬಂದಿದ್ದಳು. ಅದು ನಿನ್ನ ಸಾಲ ಅಲ್ಲ, ಯಾರ ಮಾತನ್ನೂ ಕೇಳಬೇಡ ಎಂದು ಗೋಗರೆದೆ. ನನಗೆ ಅಳು ಬಂದುಬಿಟ್ಟಿತು. ಅವಳು ಕೋಳಿಯನ್ನು ನನ್ನ ಕಾಲ ಬಳಿ ಇಳಿಸಿದಳು.

“ಮೊದ್ಲೇ ಹೇಳ್ಬಾರ್ದಿತ್ತಾ ಮಗಾ? ಸದ್ಯಕ್ಕೆ ಇದನ್ನ ಇಟ್ಕೋ. ನನ್ ಹುಡುಗ ಸಾಲದ್ ಪೆಟ್ಟಿಗೇಲಿ ಮಲ್ಗೋದು ಬೇಡ.”