ಚಿಪ್ಪಿನ ಮಾಂಸದಲ್ಲಿ ಎದ್ದ ಗೆರೆ

ನಮ್ಮ ಭಾವನನ್ನು ನಾನು ಮೊದಲಿಂದಲೂ ನಂಬಿದವಳಲ್ಲ. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತಾಡುವ ಗಂಡಸರನ್ನು ಕಂಡರೆ ನನಗೆ ಮೈಯೆಲ್ಲ ಉರಿ. ಅವನು ಸಮುದ್ರದಲ್ಲಿ ಹಗ್ಗ ಇಳಿಬಿಟ್ಟು ಕಪ್ಪೆಚಿಪ್ಪು ಬೆಳೆಸುತ್ತಾನೆ. ಹೊರಗಿನ ಮೇವು ಹಾಕಿಲ್ಲವೆಂದು ನಮ್ಮ ಪ್ರಯೋಗಾಲಯ ಬರೆದುಕೊಟ್ಟರೆ ಮಾತ್ರ ಈ ಸಲದ ಬೆಳೆ ಮಾರಾಟವಾಗುತ್ತದೆ. ಇಲ್ಲವಾದರೆ ವರ್ಷದ ದುಡಿಮೆಯೆಲ್ಲ ನೀರುಪಾಲು.

“ಸಮುದ್ರ ಕೊಟ್ಟಿದ್ದು ಬಿಟ್ಟು ಬೇರೇನೂ ತಿಂದಿಲ್ಲಮ್ಮ ಇವು,” ಎಂದು ನಗುತ್ತ ಚೀಲ ಇಟ್ಟುಹೋದ. ಕೇಳದೆ ಯಾಕೆ ಹೇಳಬೇಕಿತ್ತು? ಅಲ್ಲೇ ನನ್ನ ತಲೆಗೆ ಹುಳ ಹೊಕ್ಕಿತು.

ಚಿಪ್ಪು ಬಿಡಿಸಿ ಕಿವಿರು, ಜೀರ್ಣಗ್ರಂಥಿ, ಮಾಂಸ ಬೇರೆ ಬೇರೆ ಮಾಡಿದೆ. ಕೈಗವಸು ನಾನು ಹಾಕುವುದಿಲ್ಲ; ಹಾಕಿದರೆ ಗ್ರಂಥಿ ಎಲ್ಲಿ ಮುಗಿಯಿತೆಂದು ಬೆರಳಿಗೆ ತಿಳಿಯುವುದಿಲ್ಲ. ಹದಿನಾಲ್ಕು ವರ್ಷ ಪಳಗಿದ ಕೈ ಇದು! ಕೊಬ್ಬು ತೆಗೆದು, ಅದರಲ್ಲಿರುವ ಒಂದೊಂದು ಆಮ್ಲಕ್ಕೂ ಒಂದೊಂದು ಗೆರೆ ಎಬ್ಬಿಸಿ ತೋರಿಸುವ ಯಂತ್ರಕ್ಕೆ ಕೊಟ್ಟೆ. ಒಮೆಗಾ-3 ಸರಿಯಾಗಿಯೇ ಇತ್ತು. ಆದರೆ ಅದಕ್ಕೂ ಮೊದಲೇ ತೆಂಗಿನೆಣ್ಣೆಯಲ್ಲಿ ತುಂಬಿರುವ ಲಾರಿಕ್ ಆಮ್ಲದ ಗೆರೆ ತಲೆಯೆತ್ತಿ ನಿಂತಿತ್ತು. ಪಾಚಿ ತಿಂದು ಬೆಳೆದ ಚಿಪ್ಪಿನಲ್ಲಿ ಅದು ಇಷ್ಟೊಂದು ಇರುವುದುಂಟೇ? ಅಗ್ಗದ ಎಣ್ಣೆ ಕಲಸಿದ ಮೇವು, ಇನ್ನೇನು!

ಸಿಕ್ಕಿಬಿದ್ದೆಯಲ್ಲ ಮಹಾರಾಯ ಎಂದುಕೊಂಡು ಅಕ್ಕನಿಗೆ ಫೋನ್ ಮಾಡಿಯೇಬಿಟ್ಟೆ. “ನಿನ್ನ ಗಂಡ ಎಲ್ಲರ ಕಣ್ಣಿಗೂ ಮಣ್ಣೆರಚ್ತಿದಾನೆ ಕಣೇ.”

ವರದಿ ಬರೆಯಲು ಕೂತಾಗ ಅಂಕಿಗಳು ಚುಚ್ಚತೊಡಗಿದವು. ತಿಂದದ್ದು ಮೊದಲು ಸೇರುವುದು ಜೀರ್ಣಗ್ರಂಥಿಗೆ. ಇಲ್ಲಿ ಗ್ರಂಥಿಯಲ್ಲಿ ಲಾರಿಕ್ ಕಡಿಮೆ, ಮಾಂಸದಲ್ಲಿ ಹೆಚ್ಚು. ಮಾಂಸವನ್ನೇ ತಾನೇ ನಾನು ಹೆಚ್ಚು ಹೊತ್ತು ಬೆರಳಲ್ಲಿ ಹಿಡಿದಿದ್ದು? ದ್ರಾವಕ ಮುಟ್ಟಿ ಮುಟ್ಟಿ ಒಡೆದ ಕೈಗೆ ಒಂದು ವಾರದಿಂದ ಅಕ್ಕ ಕೊಟ್ಟ ತೆಂಗಿನೆಣ್ಣೆಯ ಹೊಸ ಕ್ರೀಮು ಹಚ್ಚುತ್ತಿದ್ದೆ. ಬೆರಳು ತೊಳೆದ ದ್ರಾವಕವನ್ನೇ ಯಂತ್ರಕ್ಕೆ ಹಾಕಿ ಕಾದೆ. ಅದೇ ಗೆರೆ, ಇನ್ನೂ ಎತ್ತರಕ್ಕೆ ಎದ್ದಿತು.

ನನ್ನ ಜನ್ಮಕ್ಕಷ್ಟು ಬೆಂಕಿ ಹಾಕ! ಅಕ್ಕನಿಗೆ ಮತ್ತೆ ಫೋನ್ ಮಾಡಿದೆ. ಅವಳು ಅಳುತ್ತಿದ್ದಳು.

“ಮಕ್ಕಳೆದುರಿಗೇ ಅವರನ್ನ ಕಳ್ಳ ಅಂದ್ಬಿಟ್ಟೆ ಕಣೇ. ಫೋನೂ ಇಲ್ಲೇ ಬಿಟ್ಟು ದೋಣಿ ಹತ್ತಿ ಹೋದ್ರು.”

“ಅಕ್ಕಾ, ಭಾವಂದೇನೂ ತಪ್ಪಿಲ್ಲ. ತಪ್ಪೆಲ್ಲ ನಂದೇ. ನೀನು ಕೊಟ್ಟ ಕ್ರೀಮು ನನ್ನ ಕೈಯಿಂದ ಮಾಂಸಕ್ಕೆ ಹತ್ತಿದೆ.”



“ನಾನೆಲ್ಲಿ ಕೊಟ್ಟೆ?” ಎಂದಳು ಅಕ್ಕ. “ನಿನ್ನ ಕೈ ಒಡೆದಿದ್ದು ನೋಡಿ ಅವರೇ ತಂದಿದ್ದು. ‘ಅವಳಿಗೆ ನನ್ನ ಕಂಡ್ರಾಗಲ್ಲ, ನೀನೇ ಕೊಟ್ಟಿದ್ದು ಅಂತ ಹೇಳು’ ಅಂದಿದ್ರು.”