ಗಾಡಿಯೇ ಕುಡಿದದ್ದು

ಜಗಳೂರು ಸೀಮೆಯ ಬನ್ನಿಹಟ್ಟಿಯಲ್ಲಿ ಗಂಡಸಾಗಿ ಹುಟ್ಟಿದವನು ಸಂಜೆ ಮನೆ ಸೇರಬೇಕಾದರೆ ಕಲ್ಲಮ್ಮನ ಮೂಗು ದಾಟಿಯೇ ಸೇರಬೇಕು. ಹಳ್ಳದ ಕಡೆಯಿಂದ ಇನ್ನೊಂದು ದಾರಿ ಇತ್ತು. ಹೆಂಗಸರ ಸಂಘದವರು ಅದಕ್ಕೆ ಜಾಲಿಮುಳ್ಳು ಬಡಿದರು. ಊರಬಾಗಿಲ ಬೇವಿನ ಕಟ್ಟೆಯ ಮೇಲೆ ಸಂಘದವರು ಸಾಲಾಗಿ ಕೂತಿರುತ್ತಾರೆ, ನಡುವೆ ಕಲ್ಲಮ್ಮ. ಬಂದವನು ನಿಂತು, ಬಗ್ಗಿ, ಕಲ್ಲಮ್ಮನ ಮುಖಕ್ಕೆ 'ಹಾ' ಎಂದು ಉಸಿರು ಬಿಡಬೇಕು. ಕಲ್ಲಮ್ಮ ತಲೆಯಾಡಿಸಿದರೆ ಮನೆ, ಊಟ, ಹಾಸಿಗೆ. ಮೂಗು ಮುಚ್ಚಿಕೊಂಡರೆ ಅವತ್ತು ಕುರಿಗಳ ಜೊತೆ ರೊಪ್ಪದಲ್ಲಿ ವಾಸ. ಮೀಸೆ ತಿರುವಿಕೊಂಡು ತಿರುಗುವ ಗಂಡುಗಲಿಗಳೂ ಅಲ್ಲಿ ಬಾಯಿ ಬಿಟ್ಟು ನಿಲ್ಲುವುದನ್ನು ನೋಡಬೇಕು.

ಈ ಕಾನೂನು ಮಾಡಿದವಳು ಸಂಘದ ಅಧ್ಯಕ್ಷೆ ದುರುಗಮ್ಮ. ಮಾಡಲು ಕಾರಣನಾದ ಪುಣ್ಯಾತ್ಮ ಅವಳ ಗಂಡ ಸಣ್ಣತಿಮ್ಮಪ್ಪ. ಒಂದು ಕಾಲದಲ್ಲಿ ಅವನು ಸಾರಾಯಿ ಪಾಕೀಟನ್ನು ಹಿಂಡಿ, ಅಲ್ಲಾಡಿಸಿ, ಕೊನೆಯ ಹನಿ ನಾಲಿಗೆಗೆ ಬೀಳುವ ತನಕ ಬಿಡುತ್ತಿರಲಿಲ್ಲ. ರೊಪ್ಪದಲ್ಲಿ ಅವನು ಎಷ್ಟು ಸಲ ಮಲಗಿದ್ದನೆಂದರೆ, ಅಲ್ಲಿನ ಟಗರು ಸಂಜೆಯಾಗುತ್ತಲೇ ಪಕ್ಕಕ್ಕೆ ಸರಿದು ಜಾಗ ಮಾಡಿಕೊಡುತ್ತಿತ್ತು. ಮಗಳು ಸುಧಾಳ ಮದುವೆ ಗೊತ್ತಾದ ವರ್ಷ ದೇವಿಯ ಮುಂದೆ ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ ಆಣೆ ಮಾಡಿದ. ಆಣೆ ಮಾಡುವವರು ಊರಿಗೆ ನೂರು ಜನ, ಇವನು ಉಳಿಸಿಕೊಂಡ.

ಕೊನೆಗೊಂದು ಸಂಜೆ ದುರುಗಮ್ಮ ಕಟ್ಟೆಯ ಮೇಲೆ ಎಲ್ಲರಿಗೂ ಕೇಳುವಂತೆ, "ಕಲ್ಲಮ್ಮಾ, ಸುಧನಪ್ಪನ್ನ ಇನ್ನ ಮೂಸಬ್ಯಾಡ. ಅವರು ಹಂಗೇ ಬರ್ಲಿ" ಅಂದಳು.

ಆ ಮಾತು ಸಣ್ಣತಿಮ್ಮಪ್ಪನಿಗೆ ಶಾಲು ಹೊದಿಸಿ ಹಾರ ಹಾಕಿದ್ದಕ್ಕಿಂತ ಹೆಚ್ಚಾಯಿತು. ಇಡೀ ಊರಿನಲ್ಲಿ ಬಾಯಿ ಮುಚ್ಚಿಕೊಂಡು ಕಟ್ಟೆ ದಾಟುವ ಗಂಡಸು ಅವನೊಬ್ಬನೇ. ಕೆಲವು ದಿನ ಕೆಲಸವಿಲ್ಲದಿದ್ದರೂ ಊರ ಹೊರಗೆ ಹೋಗಿ, ಕಟ್ಟೆಯ ಮುಂದೆ ಎದೆಯುಬ್ಬಿಸಿಕೊಂಡು ವಾಪಸ್ ಬರುತ್ತಿದ್ದ.

ಅವನ ಕೆಲಸವೆಂದರೆ ಕುರಿಗೊಬ್ಬರ. ಜಗಳೂರು ಕಡೆಯ ರೊಪ್ಪಗಳ ಹಿಕ್ಕೆಯನ್ನು ಚೀಲಕ್ಕೆ ತುಂಬಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿಯ ಅಡಿಕೆ ತೋಟಗಳಿಗೆ ಮುಟ್ಟಿಸುವುದು. ಬಾಡಿಗೆ ಗಾಡಿಯವರ ಕಾಟ ತಡೆಯಲಾರದೆ ಈ ವರ್ಷ ಒಂದು ಪುಟ್ಟ ಪಿಕಪ್ ತಂದ. ಮೂತಿ ಚಿಕ್ಕದು, ಬೆಲೆಯೂ ಚಿಕ್ಕದು, ಹಿಂದಿನ ತೊಟ್ಟಿ ಮಾತ್ರ ಭಾರಿ. ಅಂಗಡಿಯ ಹುಡುಗ "ಇದು ಫ್ಲೆಕ್ಸ್ ಇಂಜಿನ್ ಸಾರ್. ಪೆಟ್ರೋಲ್ ಹಾಕಿದ್ರೂ ಓಡುತ್ತೆ, ಎಥೆನಾಲ್ ಹಾಕಿದ್ರೂ ಓಡುತ್ತೆ, ಎರಡೂ ಬೆರೆಸಿದ್ರೂ ಓಡುತ್ತೆ" ಅಂದಿದ್ದ.

"ಆಡು ಮುಟ್ಟದ ಸೊಪ್ಪಿಲ್ಲ ಅನ್ನು" ಎಂದು ಸಣ್ಣತಿಮ್ಮಪ್ಪ ಖುಷಿಪಟ್ಟ. ಎಥೆನಾಲನ್ನು ಮೆಕ್ಕೆಜೋಳದಿಂದ ಮಾಡುತ್ತಾರೆ ಎಂದು ಕೇಳಿ ಇನ್ನೂ ಖುಷಿಪಟ್ಟ. ಹೇಗೆ ಮಾಡುತ್ತಾರೆ ಎಂದು ಮಾತ್ರ ಕೇಳಲಿಲ್ಲ. ಮುಂದಿನ ಗಾಜಿಗೆ 'ಶ್ರೀ ದುರುಗಮ್ಮ ದೇವಿ ಪ್ರಸನ್ನ' ಎಂದು ಬರೆಸಿಕೊಂಡು ಬಂದ.

ಎಡವಟ್ಟಾದದ್ದು ಅವನು ಮೊದಲ ಸಲ ಆ ಎಥೆನಾಲ್ ಹಾಕಿಸಿದ ದಿನ. ಕೆರೆಬಿಳಚಿಯ ಮರುಳಪ್ಪನವರ ತೋಟಕ್ಕೆ ಗೊಬ್ಬರ ಇಳಿಸಿದ್ದ. ಅಡಿಕೆ ಬೆಳೆಯುವವರು ಬಂದವರನ್ನು ಬರಿಬಾಯಲ್ಲಿ ಕಳಿಸುತ್ತಾರೆಯೇ? ಬಾಯಿ ತುಂಬ ಎಲೆಅಡಿಕೆ ಹಾಕಿಸಿ ಕಳಿಸಿದರು. ಅಲ್ಲಿಂದ ಚನ್ನಗಿರಿಯ ಹೊರಗೆ ಹೊಸದಾಗಿ ತೆರೆದ ಬಂಕಿಗೆ ಹೋದ. ಬಂಕಿನ ಭೀಮೇಶ ಎಥೆನಾಲ್ ತುಂಬಿಸಿ ಪೈಪು ತೆಗೆಯುವಷ್ಟರಲ್ಲಿ ಸಣ್ಣತಿಮ್ಮಪ್ಪನ ಹಳೆಯ ಚಾಳಿ ಎದ್ದು ಕೂತಿತು. ಪೈಪಿನೊಳಗೆ ಉಳಿದ ಕೊನೆಯ ಹನಿ ಬಿಡುವುದು ಹೇಗೆ? ಕಸಿದುಕೊಂಡು, ಎತ್ತಿ ಹಿಡಿದು, ಜೋರಾಗಿ ಅಲ್ಲಾಡಿಸಿದ. ಹಿಡಿಕೆ ಒತ್ತಿ ಹೋಯಿತು. ಅಂಗಿಯೆಲ್ಲ ತೊಯ್ದಿತು. ಹೆಗಲ ಟವೆಲಿನಿಂದ ಒರೆಸಿಕೊಂಡು, ಟವೆಲನ್ನು ಸೀಟಿನ ಪಕ್ಕ ತುರುಕಿ, ರಸ್ತೆಯ ಧೂಳಿಗೆ ಹೆದರಿ ಕಿಟಕಿ ಏರಿಸಿಕೊಂಡು ಊರಿಗೆ ಬಂದ.

ಕಟ್ಟೆಯ ಮುಂದೆ ಗಾಡಿ ನಿಲ್ಲಿಸಿ ಎಂದಿನಂತೆ ಎದೆಯುಬ್ಬಿಸಿ ಇಳಿದ. ಕಲ್ಲಮ್ಮನ ಮೂಗು ಎಂಥದು ಅಂತೀರಿ? ಅಷ್ಟು ಹಿಕ್ಕೆಯ ವಾಸನೆಯ ನಡುವೆಯೂ ಅದು ತನಗೆ ಬೇಕಾದ್ದನ್ನು ಹುಡುಕಿಕೊಂಡಿತು.

"ದುರುಗಕ್ಕಾ, ತಪ್ಪು ತಿಳಿಬ್ಯಾಡ. ಭಾವನ ಅಂಗಿ ಭಟ್ಟಿ ಹಂಗೆ ನಾರ್ತೈತೆ" ಅಂದಳು ಕಲ್ಲಮ್ಮ.

ದುರುಗಮ್ಮ ಎದ್ದು ಬಂದು ಗಂಡನ ಎದುರು ನಿಂತಳು. "ಹಾ ಅನ್ನು."

"ಹಾ."

"ಎಲೆಅಡಿಕೆ ಯಾಕೆ ಹಾಕ್ಕೊಂಡಿ? ವಾಸ್ನೆ ಮುಚ್ಚಾಕಾ?"

"ಮರುಳಪ್ಪನೋರು ಕೊಟ್ರು. ದೇವರಾಣೆಗೂ ನಾನು ಕುಡದಿಲ್ಲ ಕಣೇ. ಗಾಡಿ ಕುಡದೈತೆ!"

ಕಟ್ಟೆ ಬಿದ್ದುಬಿದ್ದು ನಕ್ಕಿತು. ಹಲ್ಲುನೋವಿಗೆ ಬಾಯಿ ಮುಕ್ಕಳಿಸಿದೆ ಅಂದವರನ್ನು ಅವರು ಕಂಡಿದ್ದರು, ಬೀಗರು ಬಲವಂತ ಮಾಡಿದರು ಅಂದವರನ್ನು ಕಂಡಿದ್ದರು. ತಪ್ಪನ್ನು ಗಾಡಿಯ ತಲೆಗೆ ಕಟ್ಟಿದವನು ಇವನೇ ಮೊದಲು.

ದುರುಗಮ್ಮ ಮಾತ್ರ ನಗಲಿಲ್ಲ. ಅವನ ಕೈಯಿಂದ ಗಾಡಿಯ ಕೀ ಕಿತ್ತುಕೊಂಡು ಸೆರಗಿನ ತುದಿಗೆ ಗಂಟು ಹಾಕಿದಳು. "ರೊಪ್ಪಕ್ಕೆ ಹೋಗು" ಅಂದಳು. ಹೋಗ್ರಿ ಅನ್ನಲಿಲ್ಲ, ಸುಧನಪ್ಪ ಅನ್ನಲಿಲ್ಲ. ಸಣ್ಣತಿಮ್ಮಪ್ಪ ತಲೆ ತಗ್ಗಿಸಿ ನಡೆದ. ರೊಪ್ಪದಲ್ಲಿ ಟಗರು ಅವನನ್ನು ಕಂಡು ಪಕ್ಕಕ್ಕೆ ಸರಿಯಿತು. ಮರೆತಿರಲಿಲ್ಲ, ಮುಂಡೇದು.

ಮಾರನೆಯ ದಿನ ದುರುಗಮ್ಮ ಗಾಡಿಯನ್ನು ಅಂಗಡಿಗೆ ವಾಪಸ್ ಕೊಡುವುದಾಗಿ ಹೇಳಿದಳು. ಹೊನ್ನಾಳಿಗೂ ನ್ಯಾಮತಿಗೂ ಹೋಗಬೇಕಾದ ಚೀಲಗಳು ಅಂಗಳದಲ್ಲಿ ಕೂತಿದ್ದವು. ಸಣ್ಣತಿಮ್ಮಪ್ಪ ಬಾಗಿಲ ಹೊರಗೇ ನಿಂತು ಕೈಮುಗಿದ. "ಗಾಡಿ ಹೋದ್ರೆ ಹೋಗ್ಲಿ, ಸುಧನವ್ವಾ. ನಾನು ಸುಳ್ಳ ಅಂತ ಮಾತ್ರ ಅನ್ನಬ್ಯಾಡ. ಒಂದ್ಸಲ ಜೊತೆಗೆ ಬಂದು ಕಣ್ಣಾರೆ ನೋಡು."

ಗಾಡಿಯ ಮಾತಿಗೆ ಕರಗದವಳು ಈ ಮಾತಿಗೆ ಕರಗಿದಳು. ಮೂಗಿಗೆ ಸೆರಗು ಮುಚ್ಚಿಕೊಂಡೇ ಪಕ್ಕದಲ್ಲಿ ಕೂತಳು. ಕೀಯನ್ನು ಓಡಿಸುವಾಗ ಮಾತ್ರ ಕೊಟ್ಟು, ಗಾಡಿ ನಿಂತಾಗಲೆಲ್ಲ ಮತ್ತೆ ಸೆರಗಿಗೆ ಗಂಟು ಹಾಕಿಕೊಳ್ಳುತ್ತಿದ್ದಳು. ಹೊನ್ನಾಳಿಯಲ್ಲಿ ಅರ್ಧ, ನ್ಯಾಮತಿಯಲ್ಲಿ ಅರ್ಧ ಚೀಲ ಇಳಿಸಿದರು. ಬರುವಾಗ ಬಳಸಿಕೊಂಡು ಚನ್ನಗಿರಿಯ ಬಂಕಿಗೆ ಬಂದರು.

ಭೀಮೇಶ ಪೈಪು ಹಾಕಿದ್ದೇ ತಡ, ಅವಳ ಸೆರಗು ಮೂಗಿನಿಂದ ಕೆಳಗೆ ಜಾರಿತು. "ಏನಪ್ಪಾ, ಇದು ಸಾರಾಯಿನಾ?"

"ಅದೇ ವಂಶದ್ದು ಕಣವ್ವಾ. ಜೋಳ ಕೊಳೆಸಿ ಭಟ್ಟಿ ಇಳಿಸ್ತಾರೆ. ಮನುಷ್ಯರು ಕುಡಿಯಂಗಿಲ್ಲ, ಕುಡಿದ್ರೆ ಉಳಿಯಂಗಿಲ್ಲ. ಗಾಡಿಗಳು ಕುಡೀತವೆ ಅಷ್ಟೇ."

ದುರುಗಮ್ಮ ಪಿಕಪ್ಪನ್ನು ಮೂತಿಯಿಂದ ಬಾಲದ ತನಕ ನೋಡಿದಳು. "ಹಾಲು ಕುಡಿಯೋ ಕೂಸಿನಂಗೆ ನಿಂತೈತೆ ನೋಡು, ಕಳ್ಳಮುಂಡೇದು!" ಆಮೇಲೆ ಗಂಡನ ಕಡೆ ತಿರುಗಿದಳು. ಏನೋ ಹೇಳಲು ಹೊರಟಳು. ಅಧ್ಯಕ್ಷೆಯಾದವಳಿಗೆ ಆ ಮಾತು ಸುಲಭಕ್ಕೆ ಬರುವುದಿಲ್ಲ, ಗಂಟಲಲ್ಲೇ ನಿಂತಿತು.

ಅಷ್ಟರಲ್ಲಿ ಟ್ಯಾಂಕು ತುಂಬಿ ಭೀಮೇಶ ಪೈಪು ಹೊರಗೆಳೆದ. ಇನ್ನೊಂದು ಸಂಗತಿ ಹೇಳುವುದನ್ನು ಮರೆತಿದ್ದೆ: ದುರುಗಮ್ಮ ಖಾಲಿಯಾದ ಎಣ್ಣೆ ಡಬ್ಬಿಯನ್ನೂ ಬಟ್ಟಲ ಮೇಲೆ ಬೋರಲು ಹಾಕಿ ಇಡುವ ಹೆಂಗಸು.

"ಏಯ್, ತಡಿ! ಅದ್ರಾಗೆ ಇನ್ನೂ ಐತಲ್ಲ!" ಎಂದು ಪೈಪಿಗೆ ಕೈ ಹಾಕಿದಳು.

ಸಣ್ಣತಿಮ್ಮಪ್ಪನಿಗೆ ಮುಂದಾಗುವುದು ಗೊತ್ತಿತ್ತು. ಹೇಳಬೇಕೆಂದು ಬಾಯಿ ತೆರೆದ. ಆಮೇಲೆ ರೊಪ್ಪ ನೆನಪಾಗಿ ಮುಚ್ಚಿಕೊಂಡ. ದುರುಗಮ್ಮ ಪೈಪು ಎತ್ತಿ ಹಿಡಿದು ಅಲ್ಲಾಡಿಸಿದಳು. ಸೆರಗು, ಕುಪ್ಪಸ, ಮುಡಿದ ಸೇವಂತಿಗೆ, ಒಂದೂ ಉಳಿಯಲಿಲ್ಲ. ಒರೆಸಿಕೊಳ್ಳಲು ಸೀಟಿನ ಪಕ್ಕದ ಟವೆಲ್ ಎಳೆದುಕೊಂಡಳು. ಅದಂತೂ ಮೊದಲೇ ನೆಂದದ್ದು.

ಬನ್ನಿಹಟ್ಟಿ ತಲುಪಿದಾಗ ಹೊತ್ತು ಮುಳುಗುತ್ತಿತ್ತು. ಕಟ್ಟೆ ತುಂಬಿತ್ತು. ದುರುಗಮ್ಮ ಇಳಿದಳೋ ಇಲ್ಲವೋ, ಕಲ್ಲಮ್ಮ ಎದ್ದು ನಿಂತು ಎರಡೂ ಕೈಯಲ್ಲಿ ಮೂಗು ಮುಚ್ಚಿಕೊಂಡಳು. "ಅಯ್ಯೋ ನಮ್ಮವ್ವಾ! ದುರುಗಕ್ಕಾ, ನೀನೂನಾ?"

"ನಾನು ಕುಡದಿಲ್ಲ ಕಣೇ! ಗಾಡಿ ಕುಡದೈತೆ!"

ಮಾತು ಬಾಯಿಂದ ಬಿದ್ದ ಮೇಲೆ ಅದು ಯಾರ ಮಾತೆಂದು ಅವಳಿಗೇ ಹೊಳೆಯಿತು. ದಿನಾ 'ಹಾ' ಅನ್ನಿಸಿಕೊಂಡ ಗಂಡಸರೆಲ್ಲ ಕಟ್ಟೆಯ ಸುತ್ತ ಸೇರಿ ಕತ್ತು ಚಾಚಿದ್ದರು. ಅವಳು ಗಂಡನ ಕಡೆ ನೋಡಿದಳು. "ನೀನಾದ್ರೂ ಹೇಳು."

"ಆಕಿ ಒಂದು ಹನಿ ಬಾಯಿಗೆ ಹಾಕಿಲ್ಲ. ನಾನು ಸಾಕ್ಷಿ" ಅಂದ ಸಣ್ಣತಿಮ್ಮಪ್ಪ.

"ಕುಡುಕನ ಸಾಕ್ಷಿ ನಡೆಯಂಗಿಲ್ಲ ಭಾವ. ಅದೂ ಅಕ್ಕ ಮಾಡಿದ ಕಾನೂನೇ" ಅಂದಳು ಕಲ್ಲಮ್ಮ.

ಈಗ ದುರುಗಮ್ಮನ ಗಂಟಲಲ್ಲಿ ಬಂಕಿನಿಂದ ಸಿಕ್ಕಿಕೊಂಡಿದ್ದ ಮಾತು ಹೊರಗೆ ಬರಲೇಬೇಕಾಯಿತು. ಕಟ್ಟೆಯ ಮೇಲೆ ಹತ್ತಿ ನಿಂತಳು. "ಎಲ್ರೂ ಕೇಳ್ರಿ. ಸುಧನಪ್ಪ ಕುಡುಕ ಅಲ್ಲ. ಅವರು ಆಣೆ ಮುರಿದಿಲ್ಲ. ನಿಜಾನೇ ಹೇಳಿದ್ರು, ನಾನು ನಂಬಲಿಲ್ಲ. ತಪ್ಪು ನಂದು."

ಸಣ್ಣತಿಮ್ಮಪ್ಪನ ಕಣ್ಣು ತುಂಬಿ ಬಂತು. ಎಥೆನಾಲಿನ ಘಾಟು ಎಂಬಂತೆ ಟವೆಲಿನಿಂದ ಒರೆಸಿಕೊಂಡ. ಅದು ನಿಜಕ್ಕೂ ಘಾಟಿನ ಟವೆಲಾದ್ದರಿಂದ ಕಣ್ಣುರಿದು ಇನ್ನಷ್ಟು ನೀರು ಬಂತು.

ಕಲ್ಲಮ್ಮ ಮಾತ್ರ ಕೆಳಗೆ ಕೂರಲಿಲ್ಲ. "ಚಲೋ ಆತು. ಅವರಿಗೆ ನೀನು ಸಾಕ್ಷಿ, ನಿನಗೆ ಅವರು ಸಾಕ್ಷಿ. ಇದನ್ನ ಒಪ್ಪಿದ್ರೆ ನಾಳೆಯಿಂದ ಊರಿನ ಕುಡುಕರೆಲ್ಲ ಜೋಡಿ ಕಟ್ಕೊಂಡು ಬರ್ತಾರೆ. ನನ್ನ ಮೂಗಿಗೆ ಗೊತ್ತಿರೋದು ವಾಸ್ನೆ ಒಂದೇ. ಇಬ್ರೂ ರೊಪ್ಪಕ್ಕೆ ನಡೀರಿ."

ಗಂಡಸರು ಶಿಳ್ಳೆ ಹೊಡೆದರು. ದುರುಗಮ್ಮ ತಾನು ಮಾಡಿದ ಕಾನೂನನ್ನು ತಾನೇ ಮುರಿಯುವವಳಲ್ಲ. ಗಾಡಿಯನ್ನು ಅಂಗಳದಲ್ಲಿ ಬಿಡಿಸಿ, ಮನೆಯಿಂದ ಕಂಬಳಿ ತಂದು ಹೆಗಲಿಗೆ ಹಾಕಿಕೊಂಡು, ಮಹಾರಾಣಿಯ ಗತ್ತಿನಲ್ಲಿ ರೊಪ್ಪಕ್ಕೆ ನಡೆದಳು. ಪಿಕಪ್ ಮಾತ್ರ ಹೊಟ್ಟೆ ತುಂಬ ಕುಡಿದು, ಯಾರಿಂದಲೂ ಮೂಸಿಸಿಕೊಳ್ಳದೆ, ಮನೆಯ ಅಂಗಳದಲ್ಲಿ ತಣ್ಣಗೆ ನಿಂತಿತ್ತು.

ನೆರೆಯವರು ರೊಪ್ಪದ ಬೇಲಿಯ ಮೇಲಿಂದ ಮುದ್ದೆ, ಹುರುಳಿ ಸಾರು ಕೊಟ್ಟು ಹೋದರು. ಟಗರು ದುರುಗಮ್ಮನನ್ನು ಮೂಸಿ ನೋಡಿ ಒಂದು ಸಲ ಸೀನಿತು. ಜಾಗ ಬಿಡಲಿಲ್ಲ, ಹೊಸಬಳಲ್ಲವೇ. ಸಣ್ಣತಿಮ್ಮಪ್ಪ ಅದರ ಬೆನ್ನು ತಟ್ಟಿ ಸರಿಸಿ ಹೆಂಡತಿಗೆ ಕಂಬಳಿ ಹಾಸಿದ. ಅವಳು ಸೆರಗಿನ ಗಂಟು ಬಿಚ್ಚಿ ಕೀ ತೆಗೆದು ಅವನ ಅಂಗೈಯಲ್ಲಿಟ್ಟಳು.

"ತಗೊಳ್ರಿ ಸುಧನಪ್ಪಾ" ಅಂದಳು.

ಇಬ್ಬರೂ ಒಟ್ಟಿಗೆ ಕೂತು ಉಂಡರು. ಸಣ್ಣತಿಮ್ಮಪ್ಪನಿಗೆ ಮನೆಯ ಹಾಸಿಗೆಯೂ ಇಷ್ಟು ಸುಖ ಕೊಟ್ಟ ನೆನಪಿರಲಿಲ್ಲ.

"ಇನ್ಮೇಲೆ ಆ ಪೈಪು ಅಲ್ಲಾಡಿಸೋದು ಬ್ಯಾಡ" ಅಂದಳು ದುರುಗಮ್ಮ.

"ಬ್ಯಾಡ. ಭೀಮೇಶ ತುಂಬಿಸಿದಷ್ಟು ಸಾಕು."

ಅವಳು ತಟ್ಟೆಯ ಅಂಚಿನ ಸಾರನ್ನು ಬೆರಳಿನಿಂದ ಬಳಿದು ಬಾಯಿಗಿಟ್ಟುಕೊಂಡು ಯೋಚಿಸಿದಳು. "ಹಂಗಂತ ಅದ್ರಾಗೆ ಉಳಿಯೋದನ್ನ ಸುಮ್ನೆ ಬಿಟ್ಟು ಬರಾಕಾಗ್ತೈತಾ? ಮುಂದಿನ ಸಲ ನಾನೇ ಬರ್ತೀನಿ. ಸೆರಗು ಸೊಂಟಕ್ಕೆ ಕಟ್ಕೊಂಡು ಅಲ್ಲಾಡಿಸ್ತೀನಿ."